ಮಾರ್ಥಾಳಿಗೆ ಮೀನು ತೂಗಿದವಳು

ಸರಟೋಗಾದ ಡಾಕ್ಟರ್ ದಂಪತಿಯ ಮಗಳು ಅನನ್ಯಾ ಕಾಲೇಜು ಮುಗಿಸಿ, ಕಡಲ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸಕ್ಕೇ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ಅವಳ ಅಪ್ಪ ಅಮ್ಮನಿಗೆ ನಿದ್ದೆ ಇಲ್ಲ. ಬುದ್ಧಿ ಹೇಳಿ ಎಂದು ಹುಡುಗಿಯನ್ನು ನನ್ನ ಬಳಿಗೆ ಕಳಿಸಿದರು. ತೋಳವನ್ನು ಕುರಿ ಕಾಯಲು ಬಿಟ್ಟರು ಅಂತಲೇ ಅನ್ನಬೇಕು. ಇಪ್ಪತ್ತಾರು ವರ್ಷ ಅದೇ ಕೆಲಸ ಮಾಡಿ ನಿವೃತ್ತಳಾದವಳು ನಾನು.

ಹುಡುಗಿ ಮಿಲ್ಪಿಟಾಸಿನ ನಮ್ಮ ಮನೆಯ ಅಡುಗೆಕಟ್ಟೆಯ ಮುಂದೆ ಕೂತು ಎರಡು ತಟ್ಟೆ ಒಗ್ಗರಣೆ ಅವಲಕ್ಕಿ ತಿಂದಳು. ಸಂಬಳ ಎಷ್ಟು, ರಜೆ ಎಷ್ಟು ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ.

"ಆಂಟಿ, ಆ ವೇಲ್ಸ್‌ಗೆ ನೀವು ಅಂದ್ರೆ ಇಷ್ಟ ಇತ್ತಾ? ಲೈಕ್, ರಿಯಲಿ?"

ನಾನು ಮೊಣಕಾಲಿನ ನೋವು, ಬೆಳಗಿನ ಚಳಿ, ಮೀನಿನ ವಾಸನೆ ಎಲ್ಲದರ ಬಗ್ಗೆ ಒಂದು ಗಂಟೆ ಮಾತಾಡಿದೆ. ಅದಕ್ಕೆ ಮಾತ್ರ ಉತ್ತರ ಕೊಡಲಿಲ್ಲ. ಬರೆದು ಕೊಡುತ್ತೇನೆ ಹೋಗು ಎಂದೆ. ಕನ್ನಡ ಓದಲು ಬರುವುದಿಲ್ಲ ಆಂಟಿ ಅಂದಳು. ನಿಮ್ಮಮ್ಮನ ಕೈಲಿ ಓದಿಸು, ಅವರಿಗೂ ತಿಳಿಯಲಿ ಎಂದೆ.

ಆದ್ದರಿಂದ ಇದು ಒಬ್ಬಳ ವಿಷಯ. ಅವಳ ಹೆಸರು ಮಾರ್ಥಾ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಉದ್ದಕ್ಕೆ ಒಂದು ಸಣ್ಣ ಲಾರಿ. ಓರ್ಕಾ ಎನ್ನುತ್ತಾರೆ, ತಿಮಿಂಗಿಲದ ಜಾತಿ. ಇಪ್ಪತ್ತು ವರ್ಷ ನನ್ನ ಕೈಯಿಂದ ಮೀನು ತಿಂದಳು. ಆಮೇಲೆ ತಿನ್ನುವುದನ್ನು ಬಿಟ್ಟಳು. ಅದು ಹೇಗಾಯಿತು, ಅವಳು ಮತ್ತೆ ತಿಂದಳೋ ಇಲ್ಲವೋ ಎಂದು ಹೇಳುವುದಕ್ಕೇ ಬರೆಯುತ್ತಿದ್ದೇನೆ. ನಡುವೆ ನಗು ಬಂದರೆ ತಡೆಯಬೇಡಿ. ನಮ್ಮ ಕೆಲಸದಲ್ಲಿ ಅಳುವುದಕ್ಕಿಂತ ನಗುವ ದಿನಗಳೇ ಜಾಸ್ತಿ.

ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಅಪ್ಪ ಹೈಸ್ಕೂಲು ಮಾಸ್ತರರು. ಮನೆಯಲ್ಲಿ ಮೊಟ್ಟೆಯ ಚಿತ್ರವಿದ್ದ ಕ್ಯಾಲೆಂಡರನ್ನೂ ಗೋಡೆಗೆ ಹಾಕುತ್ತಿರಲಿಲ್ಲ. ಮದುವೆಯಾಗಿ ಈ ದೇಶಕ್ಕೆ ಬಂದೆ. ನಮ್ಮ ಮನೆಯವರು ಮಿಲ್ಪಿಟಾಸಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಎಂಜಿನಿಯರು. ಅತ್ತೆಯವರೂ ನಮ್ಮ ಜೊತೆಗೇ ಇದ್ದರು. ಮಗ ಶಾಲೆಗೆ ಹೋಗತೊಡಗಿದ ಮೇಲೆ ನನಗೆ ಕೈ ಖಾಲಿ. ಇಲ್ಲಿನ ಕೊಲ್ಲಿಯ ಉತ್ತರ ತುದಿಯಲ್ಲಿ ಕಡಲ ಪ್ರಾಣಿಗಳ ಆಟ ತೋರಿಸುತ್ತಿದ್ದ ಒಂದು ಪಾರ್ಕಿನಲ್ಲಿ ಪ್ರಾಣಿಗಳ ಆರೈಕೆಗೆ ಸಹಾಯಕರು ಬೇಕು ಎಂದು ಪೇಪರಿನಲ್ಲಿ ಬಂತು. ಪಾರ್ಕಿನ ಹೆಸರು ಬೇಡ, ಈಗ ಅಲ್ಲಿ ಆಟಗಳೂ ಇಲ್ಲ. ಇಂಟರ್‌ವ್ಯೂನಲ್ಲಿ ಎರಡೇ ಪ್ರಶ್ನೆ. ಐವತ್ತು ಪೌಂಡು ಎತ್ತುತ್ತೀರಾ? ವಾಸನೆ ತಡೆಯುತ್ತೀರಾ? ಎರಡಕ್ಕೂ ಹೂಂ ಎಂದೆ. ನೀವು ಮೀನು ತಿನ್ನುತ್ತೀರಾ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಮೊದಲ ದಿನದ ಅನಾಹುತ ತಪ್ಪುತ್ತಿತ್ತು.

ನನ್ನನ್ನು ಹಾಕಿದ್ದು ಮೀನಿನ ಅಡುಗೆಮನೆಗೆ. ಹೆಸರಿಗೆ ಅಡುಗೆಮನೆ, ಒಲೆ ಇಲ್ಲ. ಸ್ಟೀಲಿನ ಮೇಜುಗಳು, ತಕ್ಕಡಿಗಳು, ಕೋಣೆಯಷ್ಟು ದೊಡ್ಡ ಫ್ರೀಜರು. ಅದರ ಮುಖ್ಯಸ್ಥೆ ಲೂಪೆ, ಮೆಕ್ಸಿಕೋ ಮೂಲದವಳು, ಗಿಡ್ಡ, ಗಟ್ಟಿಗಿತ್ತಿ. ನನ್ನ ಹೆಸರು ಸುಮಂಗಲಾ ಎಂದೆ. ಅಷ್ಟುದ್ದ ಹೇಳಲು ಪುರುಸೊತ್ತಿಲ್ಲ, ಸುಮಾ ಸಾಕು ಎಂದಳು. ಹಿಂದಿನ ದಿನ ಕರಗಲು ಇಟ್ಟಿದ್ದ ಹೆರಿಂಗ್ ಮೀನಿನ ಪೆಟ್ಟಿಗೆಗಳನ್ನು ತೋರಿಸಿ, ಕೈಗೆ ಒಂದು ಫಾರಂ ಕೊಟ್ಟಳು. ಪ್ರತಿ ಪೆಟ್ಟಿಗೆಗೂ ಒಂದು ಸಾಲು. ಕಣ್ಣು ಹೊಳೆಯುತ್ತಿದೆಯೇ, ಕಿವಿರು ಕೆಂಪಗಿದೆಯೇ, ಹೊಟ್ಟೆ ಒಡೆದಿದೆಯೇ. ಕೊನೆಯ ಪ್ರಶ್ನೆ: ಈ ಮೀನನ್ನು ನೀವು ತಿನ್ನುತ್ತೀರಾ? ಇಲ್ಲ ಎಂದಾದರೆ ಯಾರೂ ಮತ್ತೆ ಬಳಸದಂತೆ ಪೆಟ್ಟಿಗೆಗೆ ನೀಲಿ ಬಣ್ಣ ಸುರಿದು ಕಸಕ್ಕೆ ಹಾಕಬೇಕು. ನೋಡ್ತಾ ಇರು ಎಂದು ಹೇಳಿ ಅವಳು ಮೀಟಿಂಗಿಗೆ ಹೋದಳು.

ನಾನು ಮಾಸ್ತರರ ಮಗಳು. ಫಾರಂನಲ್ಲಿ ಸುಳ್ಳು ಬರೆದು ಅಭ್ಯಾಸವಿಲ್ಲ. ಮೊದಲ ಪೆಟ್ಟಿಗೆ, ಕಣ್ಣು ಹೊಳೆಯುತ್ತಿದೆ, ಕಿವಿರು ಕೆಂಪು, ಹೊಟ್ಟೆ ಸರಿ. ನೀವು ತಿನ್ನುತ್ತೀರಾ? ಇಲ್ಲ. ಎರಡನೆಯ ಪೆಟ್ಟಿಗೆ, ಎಲ್ಲ ಸರಿ. ತಿನ್ನುತ್ತೀರಾ? ಇಲ್ಲ. ಏನು ವಿಚಿತ್ರ ದೇಶವಪ್ಪಾ, ಕೆಲಸದವರ ಊಟದ ರುಚಿ ನೋಡಿ ಪ್ರಾಣಿಗೆ ಹಾಕುತ್ತಾರೆ ಎಂದು ಅನಿಸಿತ್ತು ನಿಜ. ಆದರೆ ಮೊದಲ ದಿನ, ಎದುರು ಮಾತಾಡುವ ಧೈರ್ಯ ಯಾರಿಗಿದೆ?

ಲೂಪೆ ತಿರುಗಿ ಬಂದಾಗ ಮೇಜು ಖಾಲಿ, ನಾನು ಕೈಕಟ್ಟಿ ನಿಂತಿದ್ದೆ.

"ಮೀನೆಲ್ಲ ಎಲ್ಲಿ ಸುಮಾ?"

"ಕಸಕ್ಕೆ ಹಾಕಿದೆ."

"ಎಲ್ಲಾನೂ? ಏನಾಗಿತ್ತು ಅದಕ್ಕೆ?"

"ಏನೂ ಆಗಿರಲಿಲ್ಲ. ಬಹಳ ಚೆನ್ನಾಗಿತ್ತು. ಆದರೆ ನಾನು ತಿನ್ನುವುದಿಲ್ಲ."

"ಯಾವುದನ್ನ ತಿನ್ನಲ್ಲ?"

"ಮೀನನ್ನ."

ಅವಳು ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ತನ್ನ ಭಾಷೆಯಲ್ಲಿ ಯಾವುದೋ ದೇವರನ್ನು ಕರೆದಳು, ಬೈದಳೋ ಬೇಡಿಕೊಂಡಳೋ ತಿಳಿಯಲಿಲ್ಲ. ಆಮೇಲೆ ನಗಲು ಶುರು ಮಾಡಿದಳು. ನಾನು ಅಳಲು ಶುರು ಮಾಡಿದೆ. ಬೆಳಗಿನ ಪ್ರದರ್ಶನ ತಾಂತ್ರಿಕ ಕಾರಣದಿಂದ ರದ್ದಾಗಿದೆ ಎಂದು ಮೈಕಿನಲ್ಲಿ ಹೇಳಿಸಿದರು. ಆ ತಾಂತ್ರಿಕ ಕಾರಣ ಫ್ರೀಜರಿನಿಂದ ಹೊಸ ಪೆಟ್ಟಿಗೆ ಎಳೆದು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದು ನಿಂತಿತ್ತು. ಮುಂದಿನ ತಿಂಗಳ ಫಾರಂನಲ್ಲಿ ಪ್ರಶ್ನೆ ಬದಲಾಗಿತ್ತು: ಮೀನು ತಿನ್ನುವವರಾಗಿದ್ದರೆ ಇದನ್ನು ತಿನ್ನುತ್ತಿದ್ದಿರಾ? ಆ ಪಾರ್ಕಿಗೆ ನಾನು ಕೊಟ್ಟ ಮೊದಲ ಕೊಡುಗೆ ಅದು.

ಅದೇ ದಿನ ಶಿಕ್ಷೆಯೆಂಬಂತೆ ತಡವಾದ ಬಕೆಟ್ಟನ್ನು ನನ್ನ ಕೈಯಿಂದಲೇ ಕೊಳದ ಬಳಿಗೆ ಹೊರಿಸಿದರು. ಮಾರ್ಥಾ ಅಂಚಿಗೆ ಬಂದು ತಲೆ ಎತ್ತಿ ಬಾಯಿ ತೆರೆದಳು. ಗುಲಾಬಿ ನಾಲಗೆ, ಸವೆದ ಹಲ್ಲುಗಳು. ನನ್ನ ಕೈಯಿಂದ ಎರಡು ಮೀನು ಜಾರಿ ನೆಲಕ್ಕೆ ಬಿದ್ದವು. ಅವಳು ಬಾಯಿ ಮುಚ್ಚಲಿಲ್ಲ, ಗದ್ದಲ ಮಾಡಲಿಲ್ಲ, ನಾನು ಎತ್ತಿಕೊಳ್ಳುವವರೆಗೆ ಕಾದಳು. ತನ್ನನ್ನು ಎರಡು ಗಂಟೆ ಉಪವಾಸ ಕೆಡವಿದವಳ ಮೇಲೆ ಅಷ್ಟು ತಾಳ್ಮೆ ನನ್ನ ಮನೆಯಲ್ಲೂ ಯಾರೂ ತೋರಿಸಿರಲಿಲ್ಲ. ಅವತ್ತಿನಿಂದ ನನಗೆ ಅವಳೆಂದರೆ ಜೀವ.

ಕೆಲಸ ಎಂದರೆ ಇಷ್ಟು. ಒಂದೊಂದು ಪ್ರಾಣಿಗೂ ಒಂದು ಬಕೆಟ್ಟು, ಒಂದು ತೂಕ. ಮೀನಿನ ಕಿವಿರಿನೊಳಗೆ ವಿಟಮಿನ್ ಮಾತ್ರೆ ಸಿಕ್ಕಿಸಬೇಕು, ಮಕ್ಕಳಿಗೆ ಬಾಳೆಹಣ್ಣಿನಲ್ಲಿ ಮಾತ್ರೆ ಅಡಗಿಸುವ ಹಾಗೆ. ತರಬೇತುದಾರರು ಸೀಟಿ ಊದಿದರೆ 'ಸರಿ ಮಾಡಿದೆ, ಬಾ' ಎಂದು ಅರ್ಥ, ಬಂದರೆ ಮೀನು. ಚಪ್ಪಾಳೆ ಅವರಿಗೆ, ಬಕೆಟ್ಟು ನಮಗೆ. ಬರಬರುತ್ತಾ ದಿನಕ್ಕೆ ಎರಡು ಸಲ ಊಟ ಕೊಡುವ ಕೆಲಸವೂ ನನಗೇ ಬಂತು. ಮಾರ್ಥಾ ಬೇಸರಕ್ಕೆ ಕಬ್ಬಿಣದ ಗೇಟನ್ನು ಕಚ್ಚಿ ಕಚ್ಚಿ ಹಲ್ಲು ಹಾಳು ಮಾಡಿಕೊಂಡಿದ್ದಳು. ದಿನಾ ಸಣ್ಣ ಪೈಪಿನಿಂದ ನೀರು ಹಾಯಿಸಿ ಹಲ್ಲಿನ ತೂತುಗಳನ್ನು ತೊಳೆಯಬೇಕು. ತೊಳೆಯುವಾಗ ನಾನು ಅವಳ ಜೊತೆ ಧಾರವಾಡದ ಮಾತಿನಲ್ಲೇ ಹರಟುತ್ತಿದ್ದೆ. "ಆ ಅನ್ನವ್ವಾ, ಇನ್ನೂ ಅಗಲ ತಗಿ" ಎಂದರೆ ತೆಗೆಯುವಳು. ಸುತ್ತಮುತ್ತ ಯಾರಿಗೂ ತಿಳಿಯದ ಭಾಷೆ, ಹಾಗಾಗಿ ಮೇಲಧಿಕಾರಿಯನ್ನು ಅವನೆದುರೇ ಬೈಯುವ ಅನುಕೂಲವೂ ಇತ್ತು.

ಆ ಮೇಲಧಿಕಾರಿ ಗ್ಯಾರಿ, ಮುಖ್ಯ ತರಬೇತುದಾರ. ಒಳ್ಳೆಯವನು. ಅವನಿಗೆ ಒಂದೇ ಭಯ, ದಿನದ ವರದಿಯಲ್ಲಿ ಪ್ರಾಣಿಗೆ ಮನಸ್ಸಿದೆ ಎಂದು ಯಾರಾದರೂ ಬರೆದುಬಿಟ್ಟರೆ! ಒಮ್ಮೆ ನಾನು 'ಮಾರ್ಥಾಗೆ ಬೇಜಾರಾಗಿದೆ' ಎಂದು ಬರೆದೆ. ಕರೆಸಿದ.

"ಬೇಜಾರು ಅಂತ ನಿನಗೆ ಹೇಗೆ ಗೊತ್ತು? ಅವಳು ಹೇಳಿದಳಾ?"

"ಮುಖ ನೋಡಿದರೆ ಗೊತ್ತಾಗುತ್ತದೆ."

"ಮುಖ ಬರೆಯಬೇಡ ಸುಮಾ. ಚಟುವಟಿಕೆ ಕಡಿಮೆ ಅಂತ ಬರೆ."

ಅಂದಿನಿಂದ ನಾನೂ ಕಲಿತೆ. ಆ ಭಾಷೆ ಮನೆಯಲ್ಲೂ ಉಪಯೋಗಕ್ಕೆ ಬಂತು. ಅತ್ತೆಯವರು ಮುನಿಸಿಕೊಂಡ ದಿನ ನಮ್ಮ ಮನೆಯವರಿಗೆ ಫೋನು ಮಾಡಿ "ನಿಮ್ಮ ಅವ್ವನ ಚಟುವಟಿಕಿ ಇವತ್ತ ಕಡಿಮಿ ಐತಿ" ಎನ್ನುತ್ತಿದ್ದೆ. ಅವರು ಆಫೀಸಿನಿಂದ ತಡವಾಗಿ ಬರುತ್ತಿದ್ದರು.

ಅತ್ತೆಯವರ ಮುನಿಸಿಗೆ ಕಾರಣ ನನ್ನ ಕೆಲಸವೇ. ಮುಂಬಾಗಿಲಿನಿಂದ ನನಗೆ ಪ್ರವೇಶವಿಲ್ಲ. ಗ್ಯಾರೇಜಿನಲ್ಲೇ ಒಂದು ಷವರು ಹಾಕಿಸಿದರು. ಅಲ್ಲಿ ಸ್ನಾನ, ಅಲ್ಲಿ ಬಟ್ಟೆ, ತಲೆಗೆ ಸೀಗೆಪುಡಿ, ಹಣೆಗೆ ವಿಭೂತಿ, ಆಮೇಲೆ ಒಳಗೆ. ಮನುಷ್ಯರಿಗೆ ವಾಸನೆ ಹೋಯಿತು ಅನಿಸುತ್ತಿತ್ತು, ಬೆಕ್ಕುಗಳಿಗೆ ಅನಿಸುತ್ತಿರಲಿಲ್ಲ. ಫ್ರೀವೇಯಿಂದ ಇಳಿದು ನನ್ನ ಕಾರು ನಮ್ಮ ರಸ್ತೆಗೆ ತಿರುಗಿದರೆ ಅಕ್ಕಪಕ್ಕದ ಬೆಕ್ಕುಗಳೆಲ್ಲ ಗ್ಯಾರೇಜಿನ ಮುಂದೆ ಸಾಲಾಗಿ ಕೂತಿರುತ್ತಿದ್ದವು. "ಈ ದೇಶದಾಗ ಇಷ್ಟು ವರ್ಷ ದುಡದೆ, ನನ್ನನ್ನ ಯಾರೂ ಹಿಂಗ ಎದುರುಗೊಂಡಿಲ್ಲ ನೋಡು" ಎಂದು ನಮ್ಮ ಮನೆಯವರು ಹೊಟ್ಟೆಕಿಚ್ಚು ಪಡುತ್ತಿದ್ದರು.

ನಾನು ಸೇರಿ ಹದಿಮೂರು ವರ್ಷಕ್ಕೆ ಮಾರ್ಥಾ ಒಂದು ಗಂಡುಮರಿ ಹೆತ್ತಳು. ಟೋಬಿ ಎಂದು ಹೆಸರಿಟ್ಟರು. ಮಗ ಬಂದ ಮೇಲೆ ಗೇಟು ಕಚ್ಚುವುದನ್ನು ಬಿಟ್ಟಳು. ಅವನಿಗೆ ಪಾಠ ಹೇಳುವುದರಲ್ಲಿ ಅವಳಿಗೆ ಪುರುಸೊತ್ತಿರಲಿಲ್ಲ. ಆ ಪಾಠಗಳಲ್ಲಿ ಒಂದು ನಮ್ಮೆಲ್ಲರ ಮಾನ ತೆಗೆಯಿತು.

ಒಂದು ಬೇಸಿಗೆ, ನನ್ನ ವರದಿಯ ಪ್ರಕಾರ ಮಾರ್ಥಾ ಬಕೆಟ್ಟು ಪೂರ್ತಿ ತಿನ್ನುತ್ತಿದ್ದಳು. ವಾಸ್ತವದಲ್ಲಿ ಪ್ರತಿ ಸಲ ಒಂದು ಮೀನನ್ನು ಕೆನ್ನೆಯಲ್ಲಿ ಉಳಿಸಿಕೊಳ್ಳುತ್ತಿದ್ದಳು. ಯಾಕೆ ಎಂದು ತಿಳಿದದ್ದು ಶನಿವಾರದ ತುಂಬಿದ ಸಭೆಯಲ್ಲಿ. ಮುಂದಿನ ಸಾಲಿನಲ್ಲಿ ಯಾರದೋ ಹುಟ್ಟುಹಬ್ಬ, ಪುಟ್ಟ ಪುಟ್ಟ ಮಕ್ಕಳು ಬಣ್ಣದ ಟೋಪಿ ಹಾಕಿ ಕೂತಿದ್ದವು. ಮಾರ್ಥಾ ಕೊಳದ ನಡುವೆ ಆ ಉಳಿಸಿದ ಮೀನನ್ನು ಮೆಲ್ಲಗೆ ನೀರಿನ ಮೇಲೆ ಬಿಟ್ಟು ತಾನು ಕೆಳಗೆ ಮುಳುಗಿದಳು. ಒಂದು ಕಡಲಹಕ್ಕಿ ಇಳಿದು ಬಂತು. ನೀರು ಒಮ್ಮೆ ಗುಳುಂ ಎಂದಿತು. ಹಕ್ಕಿಯೂ ಇಲ್ಲ, ಮೀನೂ ಇಲ್ಲ.

ಗ್ಯಾರಿಯ ಕೈಯಲ್ಲಿ ಮೈಕು. ಅದನ್ನು ಬಾಯಿಗೆ ಹಿಡಿದ.

"ಮಕ್ಕಳೇ, ಹಕ್ಕಿ ಈಜೋಕೆ ಹೋಗಿದೆ!"

"ವಾಪಸ್ ಯಾವಾಗ ಬರತ್ತೆ?" ಎಂದು ಹುಟ್ಟುಹಬ್ಬದ ಹುಡುಗಿ ಕೂಗಿದಳು.

ಅಷ್ಟರಲ್ಲಿ ಟೋಬಿ ತಾನೂ ಒಂದು ಮೀನನ್ನು ನೀರಿನ ಮೇಲೆ ಬಿಟ್ಟ. ಅವನಿಗೆ ಇನ್ನೂ ಕೈ ಕುದುರಿರಲಿಲ್ಲ, ಹಕ್ಕಿಯ ಬಾಲ ಮಾತ್ರ ಸಿಕ್ಕಿತು. ಅದು ಪುಕ್ಕ ಉದುರಿಸುತ್ತಾ ಕಿರುಚಿಕೊಂಡು ಮಕ್ಕಳ ತಲೆಯ ಮೇಲೆಯೇ ಹಾರಿತು. ಆ ದಿನದ ವರದಿಯಲ್ಲಿ ಗ್ಯಾರಿ ಬರೆಸಿದ್ದು: 'ಪರಿಸರದೊಂದಿಗೆ ಒಡನಾಟ ಹೆಚ್ಚು.' ನಾನು ನಗು ತಡೆದು ಸಹಿ ಮಾಡಿದೆ.

ಹದಿನೈದು ವರ್ಷ ನನ್ನ ಕೆಲಸದ ಹೆಸರೆತ್ತದ ಅತ್ತೆಯವರು ಆ ಹಕ್ಕಿಯ ಕಥೆ ಕೇಳಿದ ಮೇಲೆ ತಾವೂ ನೋಡಬೇಕು ಎಂದರು. ಇಲಕಲ್ ಸೀರೆ ಉಟ್ಟು ಬಂದರು. ನೀರು ಸಿಡಿಯುತ್ತದೆ, ಹಿಂದೆ ಕೂಡ್ರಿ ಎಂದರೆ ಕೇಳಲಿಲ್ಲ. ಮೂರನೆಯ ಸಾಲಿನಲ್ಲೇ ಕೂತು, ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿಕೊಂಡು, ಅದೂ ಸಾಲದೆ ಪೂರ್ತಿ ತೊಯ್ದು ತೊಪ್ಪೆಯಾದರು. ಬೈಯುತ್ತಾರೆ ಎಂದು ನಾನು ಹೆದರಿದ್ದೆ. ಅವರು ಕಣ್ಣೊರೆಸಿಕೊಂಡು ಕೇಳಿದರು.

"ಆಕಿ ಬೆನ್ನ ಹಿಂದ ಅಡ್ಯಾಡಾಕತ್ಯಾನಲ್ಲ, ಆ ಸಣ್ಣಾಂವ ಯಾರು?"

"ಆಕಿ ಮಗರಿ ಅತ್ತಿ. ಸಮುದ್ರದಾಗ ಈ ಜಾತಿ ಗಂಡುಮಕ್ಕಳು ಸಾಯೋತನ ತಾಯಿ ಜೋಡೀನs ಇರ್ತಾವು."

ಅತ್ತೆಯವರು ನಮ್ಮ ಮನೆಯವರ ಕಡೆ ತಿರುಗಿದರು. "ಕೇಳಿದೇನು? ಮೀನಕ್ಕ ತಿಳೀತೈತಿ."

"ಅವ್ವಾ, ನಾನೂ ನಿನ್ನ ಜೋಡೀನs ಅದೀನಲ್ಲ" ಎಂದರು ಇವರು.

"ಇದ್ದಿ. ಬಾಯಿ ಮಾತ್ರ ಯಾವಾಗ್ಲೂ ಫೋನಿನ್ಯಾಗ." ಮತ್ತೆ ನನ್ನ ಕಡೆ ತಿರುಗಿ, "ಆಕಿ ತವರಮನಿ ಎಲ್ಲೈತಿ?" ಎಂದರು.

ಅದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಉತ್ತರದ ತಣ್ಣನೆಯ ಸಮುದ್ರ, ಸಣ್ಣ ಮರಿಯಿದ್ದಾಗಲೇ ಬಲೆ ಹಾಕಿ ತಾಯಿಯಿಂದ ಬಿಡಿಸಿ ತಂದರು ಎಂದೆ.

"ಯಾರು ತಂದ್ರು?"

"ನಮ್ಮಂಥಾವ್ರs ರೀ."

ಮರುದಿನದಿಂದ ರಾತ್ರಿ ಊಟಕ್ಕೆ ಕೂತಾಗ ಒಂದು ಹೊಸ ಪದ್ಧತಿ ಶುರುವಾಯಿತು. "ಮಾರ್ತವ್ವ ಉಂಡ್ಲೇನು?" ಎಂದು ಅತ್ತೆಯವರು ಕೇಳುವರು. ಹೂಂ ಎಂದರೆ ಮಾತ್ರ ತಾವು ರೊಟ್ಟಿ ಮುರಿಯುವರು.

ಇನ್ನು ಬರೆಯಬೇಕಾದದ್ದು ಬರೆಯುತ್ತೇನೆ.

ಟೋಬಿಗೆ ಏಳು ವರ್ಷವಾದಾಗ ಅವನನ್ನು ಬೇರೆ ರಾಜ್ಯದ ಇನ್ನೊಂದು ಪಾರ್ಕಿಗೆ ಕಳಿಸುವುದೆಂದು ಮೇಲಿನವರು ತೀರ್ಮಾನಿಸಿದರು. ಅಲ್ಲಿ ಹೆಣ್ಣುಗಳಿದ್ದವು, ಗಂಡು ಬೇಕಾಗಿತ್ತು. ಮನೆಯಲ್ಲಿ ಹೇಳಿದೆ. "ಅಂದ್ರ ಮನಿಅಳಿಯ ಆಗಾಕ ಹೊಂಟಾನ" ಎಂದು ಅತ್ತೆಯವರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಆಕೀನ್ನೂ ಕಳಸ್ತಾರೇನು?" ಎಂದರು. ಇಲ್ಲ ಎಂದೆ.

ಅಷ್ಟು ದೊಡ್ಡ ಪ್ರಾಣಿಯನ್ನು ಸಾಗಿಸಲು ಒಂದು ದೊಡ್ಡ ಕ್ಯಾನ್ವಾಸ್ ಜೋಳಿಗೆ ಇರುತ್ತದೆ. ಅದನ್ನು ಸಣ್ಣ ಕೊಳದಲ್ಲಿ ಮುಳುಗಿಸಿ ಇಡುತ್ತಾರೆ. ಪ್ರಾಣಿ ತಾನಾಗಿ ಅದರೊಳಕ್ಕೆ ಬರಬೇಕು, ಆಮೇಲೆ ಕ್ರೇನು ಎತ್ತುತ್ತದೆ. ಬಲವಂತ ಮಾಡಿದರೆ ಗಾಯ. ಮೂರು ವಾರ ತರಬೇತುದಾರರು ಸೀಟಿ ಊದಿದರು. ಟೋಬಿ ಜೋಳಿಗೆಯ ಅಂಚಿನವರೆಗೆ ಬಂದು, ನೋಡಿ, ತಾಯಿಯ ಪಕ್ಕಕ್ಕೆ ಹೋಗಿಬಿಡುತ್ತಿದ್ದ.

ಗ್ಯಾರಿ ಅಡುಗೆಮನೆಗೆ ಬಂದ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅವನು ನನ್ನಿಂದ ಸಲಹೆ ಕೇಳಿದವನಲ್ಲ.

"ಸುಮಾ, ಇದು ನಿನ್ನ ಕೈಲೇ ಆಗೋ ಕೆಲಸ. ನೀನು ಕರೆದರೆ ಬರ್ತಾನೆ."

ನಿಜ ಹೇಳಬೇಕೆಂದರೆ ನಾನು ಉಬ್ಬಿಹೋದೆ. ಎಂಥೆಂಥ ತರಬೇತುದಾರರ ಕೈಯಲ್ಲಿ ಆಗದ್ದು ಧಾರವಾಡದ ಸುಮಂಗಲಾ ಕೈಯಲ್ಲಿ ಆಗುತ್ತದೆ! ಲೂಪೆ ಒಂದೇ ಮಾತು ಹೇಳಿದಳು, "ನಾನಾಗಿದ್ದರೆ ಅವತ್ತು ರಜೆ ಹಾಕ್ತಿದ್ದೆ." ಅದು ನನ್ನ ಕಿವಿಗೆ ಬೀಳಲಿಲ್ಲ. ರಾತ್ರಿಯೇ ಒಗೆದಿಟ್ಟ ಜಾಕೆಟ್ಟು ಹಾಕಿಕೊಂಡು ಹೋದೆ.

ಜೋಳಿಗೆಯ ತಲೆಯ ಕಡೆ ನಿಂತು, ಬಕೆಟ್ಟು ತಟ್ಟಿ, ದಿನಾ ಕರೆಯುವ ಹಾಗೆಯೇ "ಬಾರೋ ಟೋಬ್ಯಾ" ಎಂದೆ. ಬಂದ. ಅನುಮಾನವಿಲ್ಲದೆ ಬಂದು ಬಾಯಿ ತೆರೆದ. ಹಿಂದೆ ಗೇಟು ಮುಚ್ಚಿತು. ಗೇಟಿನ ಆಚೆ ಮಾರ್ಥಾ ಇದ್ದಳು. ಕಂಬಿಗೆ ಮುಖ ಒತ್ತಿ ನನ್ನನ್ನೇ ನೋಡಿದಳು. ಕ್ರೇನು ಎತ್ತಿದಾಗ ಅವಳು ಕೂಗಿದಳು. ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ, ಕೇಳಿದ್ದೇನೆ ಅಷ್ಟೆ. ಟೋಬಿ ಗಾಳಿಯಲ್ಲಿ ತೂಗುತ್ತಾ ಉತ್ತರ ಕೊಟ್ಟ. ಎಲ್ಲರೂ ನನ್ನ ಬೆನ್ನು ತಟ್ಟಿದರು. ವರದಿಯಲ್ಲಿ ನಾನೇ ಬರೆದೆ: 'ಸಾಗಣೆ ಸುಗಮ.'

ಮರುದಿನ ಮಾರ್ಥಾ ಊಟ ಬಿಟ್ಟಳು.

ಮೊದಲ ಎರಡು ದಿನ ಯಾರೂ ಗಾಬರಿಯಾಗಲಿಲ್ಲ. ಮೂರನೆಯ ದಿನದಿಂದ ಸರ್ಕಸ್ಸು ಶುರುವಾಯಿತು. ಹೆರಿಂಗ್ ಬೇಡವೆಂದರೆ ಸಾಲ್ಮನ್ ತಂದರು, ನಮ್ಮಂಥವರ ಮದುವೆಗೂ ಅಷ್ಟು ದುಬಾರಿ ಅಡುಗೆ ಮಾಡಿಸುವುದಿಲ್ಲ. ಐಸು ಕೊಟ್ಟರು. ಕೆಂಪು ಜೆಲ್ಲಿಯನ್ನು ಹೋಳು ಮಾಡಿ ಕೊಟ್ಟರು. ಗ್ಯಾರಿ ಗಿಟಾರು ತಂದು ಹಾಡಿದ. ಅದನ್ನು ಕೇಳಲಾರದೆ ಪಕ್ಕದ ಕೊಳದ ಸೀಲು ಪ್ರಾಣಿಗಳೂ ನೀರಿನೊಳಗೆ ಮುಳುಗಿದವು. ಲೂಪೆ ಮೇರಿಯಮ್ಮನಿಗೆ ಮೋಂಬತ್ತಿ ಹಚ್ಚಿದಳು, ಪಕ್ಕದಲ್ಲಿ ನಾನು ಊದುಬತ್ತಿ ಹಚ್ಚಿದೆ. ಹೊಗೆ ಅಲಾರಂ ಬಡಿದು ಫೈರ್ ಇಂಜಿನ್ನು ಬಂತು. ಅವಳು ಮಾತ್ರ ಬಾಯಿ ತೆರೆಯಲಿಲ್ಲ. ಆ ದಿನಗಳಲ್ಲಿ ನಾನು ಕೊಳದ ಅಂಚು ಬಿಟ್ಟು ಕದಲಲಿಲ್ಲ. ಯಾರು ಮೀನು ಹಿಡಿದರೂ ಪಕ್ಕದಲ್ಲಿ ನಾನು. ತಿಂದರೆ ನನ್ನ ಕಣ್ಣೆದುರೇ ತಿನ್ನಲಿ ಎಂಬ ಆಸೆ.

ಮನೆಯಲ್ಲಿ ಅತ್ತೆಯವರ ತಟ್ಟೆಯೂ ಹಾಗೆಯೇ ಉಳಿಯುತ್ತಿತ್ತು. "ಉಂಡ್ಲೇನು?" "ಇಲ್ಲರಿ." ಅರ್ಧ ರೊಟ್ಟಿಗೇ ಎದ್ದುಬಿಡುವರು. ಒಂಬತ್ತನೆಯ ದಿನ, ನಾಳೆ ಗಂಟಲಿಗೆ ಕೊಳವೆ ಹಾಕಿ ತಿನ್ನಿಸುತ್ತೇವೆ ಎಂದು ಪಶುವೈದ್ಯರು ಹೇಳಿದರು. ಅದರಲ್ಲಿ ಅವಳು ಉಳಿಯುವ ಖಾತ್ರಿ ಇಲ್ಲ ಎಂದೂ ಹೇಳಿದರು. ನಾನು ಮನೆಗೆ ಬಂದು ಹೇಳಿದೆ. ಅತ್ತೆಯವರು ತಟ್ಟೆ ಪಕ್ಕಕ್ಕೆ ಸರಿಸಿದರು.

"ಮೀನ ಯಾರು ಕೊಡಾಕತ್ತೀರಿ?"

"ಎಲ್ಲಾರೂ ಕೊಟ್ಟು ನೋಡಿದ್ರು."

"ನೀ ಎಲ್ಲಿ ನಿಂತಿರ್ತಿ?"

"ಅಲ್ಲೇ, ಬಾಜೂಕs."

"ನೀ ಅಲ್ಲಿಂದ ಏಳು" ಎಂದರು. "ಮಗನ್ನ ಕರಕೊಂಡು ಹೋದಾಕಿ ಎದುರಿಗೆ ನಿಂತ್ರ ಆಕಿಗೆ ತುತ್ತು ಹೆಂಗ ಇಳೀಬೇಕು?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಪ್ಪತ್ತು ವರ್ಷ ಹಲ್ಲು ತೊಳೆದವಳು ನಾನು, ನಿಮಗೇನು ಗೊತ್ತು ಎಂದೆ. ಗ್ಯಾರೇಜಿಗೆ ಹೋಗಿ, ಆ ಷವರಿನ ಕೆಳಗೆ ಕೂತು ಅತ್ತುಬಿಟ್ಟೆ. ಅತ್ತಾದ ಮೇಲೆ ಅವರ ಮಾತು ನಿಜ ಎಂದು ಗೊತ್ತಾಯಿತು. ಮೊದಲೇ ಗೊತ್ತಿತ್ತು, ಅದಕ್ಕೇ ಅಷ್ಟು ಸಿಟ್ಟು ಬಂದದ್ದು.

ಮರುದಿನ ಬೆಳಿಗ್ಗೆ ವೈದ್ಯರು ಬರುವ ಮೊದಲೇ ಲೂಪೆಯ ಕೈ ಹಿಡಿದು, ನಾನು ಹತ್ತಿರ ಬರುವುದಿಲ್ಲ, ನೀನು ಹೋಗಿ ಮೀನು ಕೊಡು ಎಂದು ಬೇಡಿಕೊಂಡೆ. ಅವಳಿಗೆ ಈಜು ಬಾರದು, ನೀರಿನ ಭಯ. ಅಷ್ಟು ವರ್ಷದಲ್ಲಿ ಒಮ್ಮೆಯೂ ಕೊಳದ ಅಂಚಿಗೆ ಹೋದವಳಲ್ಲ. ಆದ್ದರಿಂದಲೇ ಮಾರ್ಥಾಳಿಗೆ ಅವಳ ಮೇಲೆ ಯಾವ ದೂರೂ ಇರಲಿಲ್ಲ. ಒಂದರ ಮೇಲೊಂದು ಎರಡು ಲೈಫ್ ಜಾಕೆಟ್ಟು ತೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಹಗ್ಗದ ತುದಿಯನ್ನು ಗ್ಯಾರಿಯ ಕೈಗೆ ಕೊಟ್ಟು ಹೊರಟಳು. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ತಕ್ಕಡಿಯ ಮುಂದೆ ಕೂತೆ.

ಅವಳು ತಿರುಗಿ ಬಂದಾಗ ಅಡಿಯಿಂದ ಮುಡಿಯವರೆಗೆ ಒದ್ದೆ. ಹಲ್ಲು ಕಟಕಟ ಅನ್ನುತ್ತಿತ್ತು.

"ಮೂರು ತಿಂದಳು" ಎಂದಳು. "ಆಮೇಲೆ ಬಕೆಟ್ಟು ಪೂರ್ತಿ. ನನ್ನ ಗ್ಲೌಸೂ ಕೇಳಿದಳು, ಕೊಡಲಿಲ್ಲ."

ಇಬ್ಬರೂ ತಬ್ಬಿಕೊಂಡು ಅತ್ತೆವು. ಮನೆಗೆ ಫೋನು ಮಾಡಿದೆ. "ಹಾಂ" ಎಂದರು ಅತ್ತೆಯವರು, "ಹಂಗಾರ ಈಗ ನಾನೂ ಉಣ್ತೀನಿ."

ಒಂದು ವಾರ ಬಿಟ್ಟು ನಾನು ಕೊಳದ ಬಳಿಗೆ ಹೋದೆ. ಮಾರ್ಥಾ ತಿನ್ನುತ್ತಿದ್ದವಳು ನಿಲ್ಲಿಸಿ ಕೆಳಗೆ ಹೋದಳು. ತಿಂಗಳು ಬಿಟ್ಟು ಹೋದೆ, ಅದೇ. ಗ್ಯಾರಿ ವರದಿಯಲ್ಲಿ ಬರೆದ: 'ಸುಮಂಗಲಾ ಇದ್ದಾಗ ಆಹಾರ ನಿರಾಕರಣೆ.' ಓದಿ ಸಹಿ ಮಾಡಿದೆ. ನನ್ನ ಬಗ್ಗೆ ಆ ಪಾರ್ಕಿನಲ್ಲಿ ಬರೆದ ಮಾತುಗಳಲ್ಲಿ ಅತ್ಯಂತ ಖರೆ ಮಾತು ಅದು.

ಆಮೇಲೆ ಆರು ವರ್ಷ ಕೆಲಸ ಮಾಡಿದೆ. ಅವಳ ಮೀನು ಆರಿಸುವುದು, ತೂಗುವುದು, ಮಾತ್ರೆ ಸಿಕ್ಕಿಸುವುದು ನಾನೇ. ಕೊಡುವುದು ಬೇರೆಯವರು. ಆಚೆ ಕಡೆಗೆ ಹೋಗಬೇಕಾದರೆ ಕೊಳದ ಅಂಚಿನಲ್ಲಿ ನಡೆಯದೆ ಪ್ರೇಕ್ಷಕರ ಮೆಟ್ಟಿಲುಗಳ ಹಿಂದಿನಿಂದ ಸುತ್ತಿ ಹೋಗುತ್ತಿದ್ದೆ. ಕೆಲಸ ಬಿಡಬಹುದಿತ್ತಲ್ಲ ಎಂದು ನೀನು ಕೇಳಬಹುದು ಅನನ್ಯಾ. ಬಿಟ್ಟರೆ ಅವಳ ಊಟ ಯಾರು ನೋಡುತ್ತಾರೆ ಎಂದು ಎಲ್ಲರ ಮುಂದೆ ಹೇಳಿಕೊಂಡೆ. ಅವಳನ್ನು ಅಲ್ಲಿ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ, ಅದೇ ನಿಜ. ಟೋಬಿ ಆರೋಗ್ಯವಾಗಿದ್ದಾನೆ, ಚಟುವಟಿಕೆ ಸಾಮಾನ್ಯ ಎಂದು ಆ ಪಾರ್ಕಿನಿಂದ ಆಗಾಗ ಕಾಗದ ಬರುತ್ತಿತ್ತು. ಅಂಥ ಕಾಗದಗಳನ್ನು ಇಪ್ಪತ್ತು ವರ್ಷ ನಾನೂ ಬರೆದವಳು. ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ನನಗೆ ಗೊತ್ತು.

ಕಾಲ ಬದಲಾಯಿತು. ಜನ ಇಂಥ ಆಟ ನೋಡಲು ನಾಚತೊಡಗಿದರು, ಪ್ರದರ್ಶನ ನಿಂತಿತು. ಈಗಿನ ನಿಮ್ಮ ಕೆಲಸ ಬೇರೆ. ಗಾಯಗೊಂಡು ದಡಕ್ಕೆ ಬಂದ ಸೀಲುಗಳನ್ನು ವಾಸಿ ಮಾಡಿ ತಿರುಗಿ ಬಿಡುತ್ತೀರಿ. ಒಳ್ಳೆಯದು. ಮೊಣಕಾಲು ಜೋಪಾನ. ಗ್ಲೌಸು ಸ್ವಂತದ್ದು ತೆಗೆದುಕೋ, ಅವರು ಕೊಡುವುದರಲ್ಲಿ ತೂತು ಇರುತ್ತದೆ. ಇಂಥ ಕೆಲಸ ನಿನ್ನ ಕೈಯಲ್ಲೇ ಆಗುವುದು ಎಂದು ಯಾರಾದರೂ ಹೊಗಳಿದರೆ, ಆ ಖುಷಿ ಇಳಿಯುವವರೆಗೆ ಹೂಂ ಅನ್ನಬೇಡ. ಒಂದು ರಾತ್ರಿ ಮಲಗಿ ಎದ್ದರೆ ಸಾಕು, ಇಳಿಯುತ್ತದೆ. ನಾನು ಮಲಗಲೂ ಇಲ್ಲ, ಜಾಕೆಟ್ಟು ಒಗೆಯುತ್ತಾ ಕೂತಿದ್ದೆ.

ನನ್ನ ನಿವೃತ್ತಿಯ ದಿನ ಎಲ್ಲರೂ ಸೇರಿ ಮೊಟ್ಟೆಯಿಲ್ಲದ ಕೇಕು ತರಿಸಿದರು, ತಿಮಿಂಗಿಲದ ಆಕಾರದ್ದು. ಮೀನು ತಿನ್ನದವಳು ತಿಮಿಂಗಿಲವನ್ನು ಹೇಗೆ ತಿನ್ನುತ್ತಾಳೆ ಎಂದು ಲೂಪೆ ಭಾಷಣ ಮಾಡಿದಳು. ಎಲ್ಲ ಮುಗಿದ ಮೇಲೆ ಗ್ಯಾರಿ ನನ್ನ ಬಳಿ ಬಂದು, "ಕೊನೆಯ ದಿನ ಸುಮಾ, ಒಂದು ಸಲ ಹೋಗಿ ನೋಡು" ಎಂದ.

ಸಂಜೆಯ ಬಕೆಟ್ಟು ತೂಗಿ ನಾನೇ ಎತ್ತಿಕೊಂಡು ಹೋದೆ. ಲೂಪೆ ಹಿಂದೆ ಬಂದಳು. ಆ ಹೊತ್ತಿಗೆ ಅವಳಿಗೆ ಹಗ್ಗ ಬೇಕಾಗುತ್ತಿರಲಿಲ್ಲ. ಮಾರ್ಥಾ ಕೊಳದ ಆ ತುದಿಯಿಂದ ಬಂದು ತಲೆ ಎತ್ತಿ ಒಂದು ಕಣ್ಣಿನಿಂದ ನನ್ನನ್ನು ನೋಡಿದಳು. ಈ ಸಲ ಕೆಳಗೆ ಮುಳುಗಲಿಲ್ಲ. ನಾನು ಒಂದು ಹೆರಿಂಗನ್ನು ಹಿಡಿದೆ. ಬಾಯಿ ತೆರೆಯಲಿಲ್ಲ.

"ತಪ್ಪಾತವ್ವಾ" ಎಂದೆ. "ನಾನs ಕರದೆ. ಅಂವಾ ನನ್ನ ನಂಬಿ ಬಂದ."

ಅವಳು ಅಲ್ಲೇ ಇದ್ದಳು. ನನ್ನ ತೋಳು ಸೋತು ಬರುವವರೆಗೆ ಹಿಡಿದೆ. ಬಾಯಿ ತೆರೆಯಲಿಲ್ಲ. ಕೊನೆಗೆ ಆ ಮೀನನ್ನು ಬಕೆಟ್ಟಿಗೆ ಹಾಕಿ, ಬಕೆಟ್ಟನ್ನು ಲೂಪೆಗೆ ಕೊಟ್ಟು, ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಸಂದಿಯಿಂದ ನೋಡಿದೆ. ಲೂಪೆ ಒಂದೊಂದಾಗಿ ಕೊಟ್ಟಳು, ನಾನು ಹಿಡಿದಿದ್ದ ಮೀನೂ ಅದರಲ್ಲಿತ್ತು. ಮಾರ್ಥಾ ಒಂದನ್ನೂ ಬಿಡದೆ ತಿಂದಳು.